ಅಜ್ಜಿಯ ದನಿ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ ಎಂಬ ಬೆಟ್ಟವಿದೆ. ಅಲ್ಲಿನ ಬಂಡೆಯೊಂದರ ಮೇಲೆ ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಮೌರ್ಯ ಚಕ್ರವರ್ತಿ ಅಶೋಕನ ಶಾಸನವನ್ನು ಕೊರೆಯಲಾಯಿತು. ಸಮೀಪದ ಸಿದ್ದಾಪುರದಲ್ಲಿಯೂ ಜಟಿಂಗ ರಾಮೇಶ್ವರ ಬೆಟ್ಟದಲ್ಲಿಯೂ ಇದೇ ಶಾಸನದ ಪ್ರತಿಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಅವರು ಇವುಗಳನ್ನು ಬೆಳಕಿಗೆ ತಂದರು. ತಾಯಿತಂದೆಗಳ ಮಾತನ್ನು ನಡೆಸಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂದು ಆ ಶಾಸನವು ಬೋಧಿಸುತ್ತದೆ. ಅದು ಕಣ್ಣಿಗಾಗಿ ಮಾತ್ರ ಬರೆದ ಬರಹವಲ್ಲ. ತಾನು ಜನರಿಗೆ ಕೇಳಿಸಿದ ಮಾತು ಎಂದು ಶಾಸನವೇ ಹೇಳಿಕೊಳ್ಳುತ್ತದೆ. ಕೊನೆಯಲ್ಲಿ ಅದನ್ನು ಬರೆದ ಲಿಪಿಕಾರ ಚಪಡನ ಹೆಸರೂ ಇದೆ. ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ಕಲ್ಲು ಆ ಮಾತನ್ನೂ ಆ ಹೆಸರನ್ನೂ ಕಾಪಾಡಿಕೊಂಡು ಬಂದಿದೆ. ಆದರೆ ಆ ಮಾತನ್ನು ಜನರಿಗೆ ಕೇಳಿಸಿದವನ ದನಿ ಹೇಗಿತ್ತೆಂಬುದನ್ನು ಇಂದು ಯಾರೂ ಅರಿಯರು.

ದನಿಯನ್ನು ಹಿಡಿದಿಟ್ಟು ಮತ್ತೆ ಕೇಳಿಸುವ ವಿದ್ಯೆ ಮಾನವನಿಗೆ ದೊರೆತುದು ತೀರ ಈಚೆಗೆ. 1877ರಲ್ಲಿ ಥಾಮಸ್ ಆಲ್ವಾ ಎಡಿಸನ್ನನು ಫೋನೋಗ್ರಾಫ್ ಯಂತ್ರವನ್ನು ನಿರ್ಮಿಸಿದನು. ಹತ್ತು ವರ್ಷಗಳ ತರುವಾಯ ಎಮಿಲ್ ಬರ್ಲಿನರನು ತಟ್ಟೆಯಾಕಾರದ ಮುದ್ರಿಕೆಯನ್ನು ಬಳಸುವ ಗ್ರಾಮಫೋನನ್ನು ರೂಪಿಸಿದನು. 1902ರಲ್ಲಿ ಗ್ರಾಮಫೋನ್ ಕಂಪನಿಯ ತಂತ್ರಜ್ಞರು ಕಲ್ಕತ್ತೆಗೆ ಬಂದು ಪ್ರಸಿದ್ಧ ಗಾಯಕಿ ಗೌಹರ್ ಜಾನಳ ಹಾಡುಗಳನ್ನು ಮುದ್ರಿಸಿಕೊಂಡರು. ತಟ್ಟೆಯ ಒಂದು ಮಗ್ಗುಲಲ್ಲಿ ಸುಮಾರು ಮೂರು ನಿಮಿಷಗಳ ಸಂಗೀತ ಮಾತ್ರ ಹಿಡಿಸುತ್ತಿತ್ತು. ಹಾಡು ಮುಗಿದ ಕೂಡಲೇ ಆಕೆ ತನ್ನ ಹೆಸರನ್ನು ತಾನೇ ಗಟ್ಟಿಯಾಗಿ ಹೇಳುತ್ತಿದ್ದಳು. ಈ ಗಾಯಕಿ ತನ್ನ ಕೊನೆಯ ದಿನಗಳನ್ನು ಮೈಸೂರು ಅರಮನೆಯ ಆಶ್ರಯದಲ್ಲಿ ಕಳೆದು 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡಳು. ಚಪಡನ ಹೆಸರು ಕಲ್ಲಿನಲ್ಲಿ ಉಳಿದಂತೆ ಗೌಹರ್ ಜಾನಳ ಹೆಸರು ಆಕೆಯದೇ ದನಿಯಲ್ಲಿ ಉಳಿಯಿತು.

ಅನಂತರ ದನಿಯ ಪಯಣ ವೇಗವಾಯಿತು. 1935ರಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಬಳಕೆಗೆ ಬಂದುದು ಆ ಕೇಂದ್ರದಿಂದ. 1965ರಲ್ಲಿ ಭದ್ರಾವತಿಯ ಕೇಂದ್ರವು ಆರಂಭವಾದ ಮೇಲೆ ಮಧ್ಯ ಕರ್ನಾಟಕದ ಮನೆಗಳಿಗೆ ಕನ್ನಡದ ಹಾಡು ಇನ್ನಷ್ಟು ಹತ್ತಿರವಾಯಿತು. ಕ್ಯಾಸೆಟ್ಟು ಬಂದಿತು, 1982ರಲ್ಲಿ ಸಿ.ಡಿ. ಬಂದಿತು. ಇಂದು ಸಾವಿರಾರು ಹಾಡುಗಳು ಅಂಗಿಯ ಜೇಬಿನಲ್ಲಿರುವ ಫೋನಿನೊಳಗೇ ಅಡಗಿವೆ. ಹಾಡಿಗೆ ಕೊರತೆಯಿಲ್ಲದ ಈ ಕಾಲದಲ್ಲಿ, ಕೇಳುವವನಿಗೆ ಹೊಸದೊಂದು ಪ್ರಶ್ನೆ ಎದುರಾಗುತ್ತದೆ: ಒಳ್ಳೆಯ ಧ್ವನಿ ಎಂದರೆ ಯಾವುದು?

ಈ ಪ್ರಶ್ನೆಯ ಬೆನ್ನು ಹತ್ತಿದ ತರುಣನೊಬ್ಬನನ್ನು ಚಳ್ಳಕೆರೆಯಲ್ಲಿ ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಚಳ್ಳಕೆರೆ ಕಡಲೆಕಾಯಿಯ ಎಣ್ಣೆಗೂ ಕಂಬಳಿಗೂ ಹೆಸರಾದ ಊರು. ತರುಣನ ತಂದೆ ಎಣ್ಣೆಯ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ತಾಯಿಯ ತವರು ಮೊಳಕಾಲ್ಮೂರು. ಅಲ್ಲಿ ಸೋದರಮಾವನು ರೇಷ್ಮೆಯ ಸೀರೆಗಳನ್ನು ನೇಯುತ್ತಾನೆ. ತರುಣನಿಗೆ ಸಂಗೀತವೆಂದರೆ ಪ್ರಾಣ. ತಂದೆಯ ಹಳೆಯ ಟೇಪ್ ರೆಕಾರ್ಡರನ್ನು ಬಿಚ್ಚಿ ಜೋಡಿಸುವುದರಿಂದ ಅವನ ಹವ್ಯಾಸ ಮೊದಲಾಯಿತು. ರೇಡಿಯೋ ರಿಪೇರಿಯ ಅಂಗಡಿಯಲ್ಲಿ ಬಿಡುವಿನ ವೇಳೆ ಕುಳಿತು ಬೆಸುಗೆ ಹಾಕುವುದನ್ನು ಕಲಿತನು. ಬೆಂಗಳೂರಿನ ಎಸ್. ಪಿ. ರಸ್ತೆಯಿಂದ ಬಿಡಿಭಾಗಗಳನ್ನು ತರಿಸಿ ಚಿಕ್ಕದೊಂದು ಆಂಪ್ಲಿಫೈಯರನ್ನು ಕಟ್ಟಿದನು. ಹಳೆಯ ಸ್ಪೀಕರುಗಳೆರಡಕ್ಕೆ ಬಡಗಿಯಿಂದ ಮರದ ಪೆಟ್ಟಿಗೆಗಳನ್ನು ಮಾಡಿಸಿದನು.

ಆದರೂ ಅವನಿಗೆ ತೃಪ್ತಿಯಿರಲಿಲ್ಲ. ಗೆಳೆಯನ ಮನೆಯಲ್ಲಿದ್ದ ದೊಡ್ಡ ಪೆಟ್ಟಿಗೆಗಳು ಗುಡುಗಿದಾಗ ಕಿಟಕಿಯ ಗಾಜು ನಡುಗುತ್ತಿತ್ತು. ಅಂಥದೇ ತನಗೂ ಬೇಕೆಂದು ಅವನು ರಜೆಯ ದಿನಗಳಲ್ಲಿ ದುಡಿದು ಹಣ ಕೂಡಿಡತೊಡಗಿದನು. ಅಂಗಡಿಯಲ್ಲಿ ಕಂಡ ಪೆಟ್ಟಿಗೆಯೊಂದರ ಮೇಲೆ ಸಾವಿರಾರು ವಾಟ್ ಪಿ.ಎಂ.ಪಿ.ಓ. ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿತ್ತು. ಆ ಅಂಕಿ ಅವನ ಮನಸ್ಸಿನಲ್ಲಿ ಕುಳಿತುಬಿಟ್ಟಿತು.

ಇಂಥ ಅಂಕಿಗಳ ಅರ್ಥವನ್ನು ತಿಳಿದುಕೊಳ್ಳುವುದು ಅಗತ್ಯ. ಪಿ.ಎಂ.ಪಿ.ಓ. ಎಂಬುದು ಯಂತ್ರವು ಕಣ್ಣು ಮಿಟುಕಿಸುವಷ್ಟು ಕಾಲವೂ ನಿಲ್ಲಿಸಿಕೊಳ್ಳಲಾರದ ಶಿಖರಬಲದ ಲೆಕ್ಕ. ಅದನ್ನು ಅಳೆಯಲು ಎಲ್ಲರೂ ಒಪ್ಪಿದ ಅಳತೆಗೋಲು ಇಲ್ಲ. ಯಂತ್ರವು ಎಡೆಬಿಡದೆ ನೀಡಬಲ್ಲ ಬಲವನ್ನು ಆರ್.ಎಂ.ಎಸ್. ಎಂಬ ಹೆಸರಿನಲ್ಲಿ ಸೂಚಿಸುತ್ತಾರೆ, ನಂಬತಕ್ಕುದು ಅದನ್ನು. ಇನ್ನು ಧ್ವನಿಯ ತೀವ್ರತೆಯನ್ನು ಡೆಸಿಬೆಲ್ ಎಂಬ ಮಾನದಿಂದ ಅಳೆಯುತ್ತಾರೆ. ಆಂಪ್ಲಿಫೈಯರಿನ ಬಲವನ್ನು ಇಮ್ಮಡಿಗೊಳಿಸಿದರೆ ಧ್ವನಿಯು ಹೆಚ್ಚುವುದು ಕೇವಲ 3 ಡೆಸಿಬೆಲ್. ಕಿವಿಗೆ ಅದು ಎದ್ದು ಕಾಣುವ ಬದಲಾವಣೆಯೇ ಅಲ್ಲ. ಧ್ವನಿ ಎರಡರಷ್ಟು ದೊಡ್ಡದೆಂದು ಅನ್ನಿಸಬೇಕಾದರೆ ಬಲವನ್ನು ಸುಮಾರು ಹತ್ತು ಮಡಿ ಹೆಚ್ಚಿಸಬೇಕು. ಆದುದರಿಂದ 50 ವಾಟಿನ ಯಂತ್ರವನ್ನು ಕೊಟ್ಟು 100 ವಾಟಿನದನ್ನು ಕೊಂಡವನಿಗೆ ಹಣ ವೆಚ್ಚವಾದಷ್ಟು ಧ್ವನಿ ಹೆಚ್ಚುವುದಿಲ್ಲ.

ಗಟ್ಟಿಯಾದುದೆಲ್ಲ ಒಳ್ಳೆಯದೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು 80 ಡೆಸಿಬೆಲ್ ಮಟ್ಟದ ಧ್ವನಿಯನ್ನು ವಾರಕ್ಕೆ 40 ಗಂಟೆಗಳವರೆಗೆ ಕೇಳಬಹುದು. ಮಕ್ಕಳಿಗೆ ಈ ಮಟ್ಟವನ್ನು 75 ಡೆಸಿಬೆಲ್ ಎಂದು ಇನ್ನೂ ತಗ್ಗಿಸಲಾಗಿದೆ. ಪ್ರತಿ 3 ಡೆಸಿಬೆಲ್ ಏರಿದಾಗಲೂ ಕಾಲಾವಧಿ ಅರ್ಧಕ್ಕೆ ಇಳಿಯುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ. ಒಳಗಿವಿಯಲ್ಲಿ ಕೂದಲಿನಂಥ ಎಳೆಗಳುಳ್ಳ ಸೂಕ್ಷ್ಮ ಕಣಗಳಿವೆ. ಧ್ವನಿಯನ್ನು ಮಿದುಳಿಗೆ ಮುಟ್ಟಿಸುವ ಆ ಕಣಗಳು ಒಮ್ಮೆ ನಾಶವಾದರೆ ಮತ್ತೆ ಬೆಳೆಯುವುದಿಲ್ಲ. ಯಂತ್ರ ಕೆಟ್ಟರೆ ಬೇರೊಂದನ್ನು ಕೊಳ್ಳಬಹುದು. ಕಿವಿಗೆ ಆ ಅವಕಾಶವಿಲ್ಲ.

ಹಬ್ಬದ ರಜೆಯಲ್ಲಿ ತರುಣನು ಮೊಳಕಾಲ್ಮೂರಿಗೆ ಹೋದನು. ಅಜ್ಜಿಗೆ ಎಂಬತ್ತು ದಾಟಿತ್ತು. ಆಂಧ್ರದ ಗಡಿಗೆ ಅಂಟಿಕೊಂಡ ಆ ಸೀಮೆಯಲ್ಲಿ ಕನ್ನಡವೂ ತೆಲುಗೂ ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ಅಜ್ಜಿಗೆ ಎರಡು ಭಾಷೆಗಳ ಹಾಡುಗಳೂ ಬರುತ್ತಿದ್ದವು. ಮದುವೆಯ ಸೋಬಾನೆ, ಬೀಸುವ ಪದ, ತೊಟ್ಟಿಲ ಪದ, ಹೀಗೆ ಅವಳ ನೆನಪಿನ ಗಂಟು ಬಿಚ್ಚಿದಷ್ಟೂ ಮುಗಿಯುತ್ತಿರಲಿಲ್ಲ. ಆದರೆ ಜೊತೆಗೆ ಸೊಲ್ಲು ಹಿಡಿಯುತ್ತಿದ್ದ ಗೆಳತಿಯರು ಒಬ್ಬೊಬ್ಬರಾಗಿ ಇಲ್ಲವಾಗಿದ್ದರು. ಕೆಲವು ಹಾಡುಗಳು ಈಗ ಆ ಓಣಿಯಲ್ಲಿ ಅವಳೊಬ್ಬಳಿಗೇ ಗೊತ್ತು. ಮಾವನು ಕುಣಿಮಗ್ಗದಲ್ಲಿ ಕುಳಿತು ಲಾಳಿಯನ್ನು ಆಡಿಸುತ್ತಿದ್ದಾಗ ಅಜ್ಜಿ ಗೋಡೆಗೊರಗಿ ಹಾಡಿದಳು. ತರುಣನು ಅಲ್ಲಿಯೇ ಬಾಗಿಲ ಬಳಿ ಕುಳಿತು ಫೋನಿನಲ್ಲಿ ಅದನ್ನು ಮುದ್ರಿಸಿಕೊಂಡನು.

ಮುದ್ರಿಸಿದುದನ್ನು ಅಜ್ಜಿಗೆ ಕೇಳಿಸಿದಾಗ ಅವಳು, “ಇದು ನನ್ನ ದನಿಯೇನಪ್ಪಾ? ಯಾರದೋ ಇದ್ದಂಗೈತೆ” ಎಂದು ನಕ್ಕಳು. ಇದರಲ್ಲಿ ಆಶ್ಚರ್ಯವಿಲ್ಲ. ನಾವು ಮಾತನಾಡುವಾಗ ನಮ್ಮ ದನಿ ಗಾಳಿಯ ಮೂಲಕವಷ್ಟೇ ಅಲ್ಲದೆ ತಲೆಯ ಎಲುಬಿನ ಮೂಲಕವೂ ಒಳಗಿವಿಯನ್ನು ಮುಟ್ಟುತ್ತದೆ. ಆ ದಾರಿಯಲ್ಲಿ ಬರುವ ತಗ್ಗಿದ ನಾದ ನಮಗೆ ಮಾತ್ರ ಕೇಳುವಂಥದು. ಯಂತ್ರದಲ್ಲಿ ಅದು ಇರುವುದಿಲ್ಲ. ಆದುದರಿಂದ ತನ್ನ ದನಿಯನ್ನು ಮೊದಲ ಬಾರಿ ಯಂತ್ರದಲ್ಲಿ ಕೇಳಿದವರಿಗೆಲ್ಲ ಅದು ಪರಕೀಯವೆನಿಸುತ್ತದೆ.

ಚಳ್ಳಕೆರೆಗೆ ಮರಳಿದ ತರುಣನು ಆ ಹಾಡನ್ನು ತನ್ನ ಪೆಟ್ಟಿಗೆಗಳ ಮೂಲಕ ನುಡಿಸಿದನು. ತಾಯಿ ಅಡುಗೆಮನೆಯಿಂದ ಬಂದು ಸ್ವಲ್ಪ ಹೊತ್ತು ಕೇಳಿದಳು. “ಅಜ್ಜಿ ಹಾಡಿದ್ದು ಅಂತೀಯ. ಕೊಡದೊಳಗೆ ಕೂತು ಯಾರೋ ಹಾಡ್ದಂಗೈತಲ್ಲೋ” ಎಂದಳು. ತಾಯಿಗೆ ವಾಟ್ ತಿಳಿಯದು, ಡೆಸಿಬೆಲ್ ತಿಳಿಯದು. ಆದರೆ ಅವಳು ಹುಟ್ಟಿದಂದಿನಿಂದ ಆ ದನಿಯನ್ನು ಕೇಳಿದವಳು. ಎಲುಬಿನ ಮಾತು ಇಲ್ಲಿ ಅನ್ವಯಿಸದು; ಹೊರಗಿನಿಂದ ಕೇಳುವವಳಿಗೂ ಅದು ಬೇರೆಯಾಗಿ ಕೇಳಿದರೆ ಯಂತ್ರದಲ್ಲಿ ದೋಷವಿದೆ ಎಂದೇ ಅರ್ಥ. ಆ ಒಂದು ಮಾತಿನಿಂದ ತರುಣನ ಯೋಚನೆಯ ದಿಕ್ಕು ಬದಲಾಯಿತು. ಅದುವರೆಗೆ ಅವನು ತನ್ನ ಪೆಟ್ಟಿಗೆಗಳನ್ನು ಬೇರೆ ಪೆಟ್ಟಿಗೆಗಳೊಡನೆ ಹೋಲಿಸುತ್ತಿದ್ದನು. ಈಗ ಮೂಲದೊಡನೆ ಹೋಲಿಸಬೇಕಾಗಿ ಬಂದಿತು.

ಉತ್ತಮ ಧ್ವನಿಯಂತ್ರಗಳನ್ನು ‘ಹೈ-ಫೈ’ ಎಂದು ಕರೆಯುವುದುಂಟು. ಈ ಮಾತಿಗೆ ಉನ್ನತವಾದ ನಿಷ್ಠೆ ಎಂದು ಅರ್ಥ. ನಿಷ್ಠೆ ಎಂದರೆ ಮೂಲಕ್ಕೆ ನಿಷ್ಠೆ. ಗಾಯಕನ ಕಂಠದಲ್ಲಿ, ವಾದ್ಯದ ತಂತಿಯಲ್ಲಿ, ಮೃದಂಗದ ಚರ್ಮದಲ್ಲಿ ಹುಟ್ಟಿದ ನಾದಕ್ಕೆ ಏನನ್ನೂ ಸೇರಿಸದೆ, ಅದರಿಂದ ಏನನ್ನೂ ಕಳೆಯದೆ ಕಿವಿಗೆ ಮುಟ್ಟಿಸುವುದು. ಹಾಗಿದ್ದರೆ ಮೂಲವನ್ನೇ ಕೇಳದವನು ನಿಷ್ಠೆಯನ್ನು ಅಳೆಯುವುದೆಂತು? ನಿಜವಾದ ತಂಬೂರಿಯ ಎದುರು ಕುಳಿತವನು ಮಾತ್ರ ಪೆಟ್ಟಿಗೆಯಿಂದ ಬಂದ ತಂಬೂರಿಯ ನಾದದಲ್ಲಿ ಏನು ಕಡಿಮೆಯಾಗಿದೆ ಎಂದು ಹೇಳಬಲ್ಲನು. ಜಾತ್ರೆಯಲ್ಲಿ ಉರುಮೆಯ ನಾದವನ್ನು ಎದೆಯಲ್ಲಿ ಅನುಭವಿಸಿದವನು ಮಾತ್ರ ಯಂತ್ರದ ಉರುಮೆಯನ್ನು ಪರೀಕ್ಷಿಸಬಲ್ಲನು.

ಈ ಮೂಲನಾದಗಳು ಸರಳವಾದವುಗಳಲ್ಲ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳವರೆಗಿನ ನಾದವನ್ನು ಗ್ರಹಿಸಬಲ್ಲದು. ಒಂದು ಸ್ವರವನ್ನು ನುಡಿಸಿದಾಗ ಅದರ ಮೂಲ ಕಂಪನದೊಂದಿಗೆ ಹಲವು ಉಪಸ್ವರಗಳೂ ಹುಟ್ಟುತ್ತವೆ. ಒಂದೇ ಶ್ರುತಿಯಲ್ಲಿ ನುಡಿದರೂ ವೀಣೆ ವೀಣೆಯಾಗಿ, ಕೊಳಲು ಕೊಳಲಾಗಿ ಕೇಳುವುದು ಬಹುಮಟ್ಟಿಗೆ ಈ ಉಪಸ್ವರಗಳಿಂದ. ಬಿಗಿದ ಚರ್ಮವನ್ನು ಬಡಿದಾಗ ಸಾಮಾನ್ಯವಾಗಿ ಹೊಂದಿಕೆಯಿಲ್ಲದ ಸದ್ದು ಹುಟ್ಟುತ್ತದೆ. ಆದರೆ ಮೃದಂಗ ಮತ್ತು ತಬಲಗಳ ನಡುವೆ ಇರುವ ಕಪ್ಪು ಲೇಪದಿಂದ ಉಪಸ್ವರಗಳು ಒಂದಕ್ಕೊಂದು ಹೊಂದಿಕೊಂಡು ಇಂಪಾಗುತ್ತವೆ ಎಂಬುದನ್ನು ಸರ್ ಸಿ. ವಿ. ರಾಮನ್ ಅವರು 1920ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ತೋರಿಸಿಕೊಟ್ಟರು. ನಮ್ಮ ಪೂರ್ವಿಕರು ಕಿವಿಯಿಂದಲೇ ಸಾಧಿಸಿದ ಇಂಥ ಸೂಕ್ಷ್ಮವನ್ನು ಗುಡುಗುವ ಪೆಟ್ಟಿಗೆಯೊಂದು ಕ್ಷಣದಲ್ಲಿ ಅಳಿಸಿಹಾಕಬಲ್ಲದು.

ತರುಣನು ಒಂದೊಂದೇ ದೋಷವನ್ನು ಹುಡುಕುತ್ತ ಹೋದನು. ಮೊದಲನೆಯದು ಅವನ ಕೈಬೆರಳಿನಲ್ಲಿಯೇ ಇದ್ದಿತು. ತಗ್ಗಿದ ನಾದವನ್ನು ಹೆಚ್ಚಿಸುವ ಬಾಸ್ ಗುಂಡಿಯನ್ನು ಅವನು ಸದಾ ಕೊನೆಯವರೆಗೆ ತಿರುಗಿಸಿಡುತ್ತಿದ್ದನು. ಅದನ್ನು ನಡುವಿಗೆ ತಂದೊಡನೆ ಕೊಡದೊಳಗಿನ ಗುಂಯ್‌ಗುಡುವಿಕೆ ಅರ್ಧದಷ್ಟು ಇಳಿಯಿತು. ಎರಡನೆಯದು ಪೆಟ್ಟಿಗೆಗಳನ್ನು ಇಟ್ಟ ಸ್ಥಳ. ಅವು ಕೋಣೆಯ ಮೂಲೆಗಳಲ್ಲಿ ನೆಲದ ಮೇಲೆ ಕುಳಿತಿದ್ದವು. ಮೂಲೆಯು ತಗ್ಗಿದ ನಾದವನ್ನು ಮತ್ತಷ್ಟು ಉಬ್ಬಿಸುತ್ತದೆ. ಅವುಗಳನ್ನು ಗೋಡೆಯಿಂದ ಮುಂದಕ್ಕೆ ತಂದು, ಸ್ಟೂಲಿನ ಮೇಲೆ ಕಿವಿಯ ಎತ್ತರಕ್ಕೆ ಇಟ್ಟನು. ಎರಡು ಪೆಟ್ಟಿಗೆಗಳೂ ಕೇಳುವವನೂ ಸಮಭುಜ ತ್ರಿಕೋನದ ಮೂರು ಬಿಂದುಗಳಾಗುವಂತೆ ಸರಿಪಡಿಸಿದನು.

ಮೂರನೆಯ ದೋಷ ತಂತಿಯದು. ಸ್ಪೀಕರಿನಲ್ಲಿ ಅಯಸ್ಕಾಂತದ ನಡುವಿನ ತಂತಿಯ ಸುರುಳಿ ವಿದ್ಯುತ್ತಿಗೆ ತಕ್ಕಂತೆ ಹಿಂದೆ ಮುಂದೆ ಚಲಿಸಿ, ಕಾಗದದ ಶಂಕುವನ್ನು ಅಲುಗಿಸಿ, ಗಾಳಿಯಲ್ಲಿ ಅಲೆಗಳನ್ನು ಎಬ್ಬಿಸುತ್ತದೆ. ಒಂದು ಪೆಟ್ಟಿಗೆಯ ಧನ ಮತ್ತು ಋಣ ತಂತಿಗಳು ಅದಲುಬದಲಾದರೆ ಒಂದು ಶಂಕು ಮುಂದೆ ಬರುವಾಗ ಮತ್ತೊಂದು ಹಿಂದೆ ಸರಿಯುತ್ತದೆ. ಆಗ ತಗ್ಗಿದ ನಾದಗಳು ಪರಸ್ಪರ ಅಳಿದುಹೋಗುತ್ತವೆ. ನಡುವೆ ನಿಂತಂತೆ ಕೇಳಬೇಕಾದ ಗಾಯಕನ ದನಿ ಎಲ್ಲಿಂದ ಬರುತ್ತಿದೆ ಎಂಬುದೇ ತಿಳಿಯದಾಗುತ್ತದೆ. ತರುಣನ ಪೆಟ್ಟಿಗೆಗಳಲ್ಲಿ ಇದೇ ಆಗಿದ್ದಿತು. ಕಳೆದುಹೋದ ಆ ತಗ್ಗಿದ ನಾದವನ್ನು ತುಂಬಲೆಂದೇ ಅವನು ಅಷ್ಟು ಕಾಲ ಬಾಸ್ ಗುಂಡಿಯನ್ನು ತಿರುಗಿಸುತ್ತಿದ್ದನು. ಎರಡು ತಂತಿಗಳನ್ನು ಬದಲಿಸಲು ಅವನಿಗೆ ಒಂದು ಕಾಸೂ ಖರ್ಚಾಗಲಿಲ್ಲ.

ನಾಲ್ಕನೆಯ ದೋಷ ಕೋಣೆಯದು. ಸಿಮೆಂಟಿನ ನೆಲ, ಬರಿಯ ಗೋಡೆ, ತಗಡಿನ ಮಾಡು. ಇವು ಧ್ವನಿಯನ್ನು ಹೀರಿಕೊಳ್ಳದೆ ಮತ್ತೆ ಮತ್ತೆ ಹಿಂದಕ್ಕೆ ಎಸೆಯುತ್ತವೆ. ಒಂದು ಅಕ್ಷರದ ಪ್ರತಿಧ್ವನಿ ಅಡಗುವ ಮೊದಲೇ ಮುಂದಿನ ಅಕ್ಷರ ಬಂದು ಅದರ ಮೇಲೆ ಬೀಳುತ್ತದೆ. 1895ರ ಸುಮಾರಿಗೆ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸದ ಸಭಾಂಗಣವೊಂದು ಇದೇ ತೊಂದರೆಗೆ ಸಿಕ್ಕಿತ್ತು. ವ್ಯಾಲೇಸ್ ಸಾಬಿನ್ ಎಂಬ ತರುಣ ವಿಜ್ಞಾನಿ ಸಮೀಪದ ರಂಗಮಂದಿರದಿಂದ ಆಸನದ ಮೆತ್ತೆಗಳನ್ನು ಹೊರಿಸಿ ತಂದನು. ರಾತ್ರಿಯ ನೀರವದಲ್ಲಿ ಅವುಗಳನ್ನು ಸಭಾಂಗಣದಲ್ಲಿ ಹರಡಿ, ಮೆತ್ತೆಗಳು ಹೆಚ್ಚಿದಂತೆಲ್ಲ ಪ್ರತಿಧ್ವನಿ ಎಷ್ಟು ಬೇಗ ಅಡಗುವುದೆಂದು ಅಳೆದನು. ಸಭಾಂಗಣಗಳ ಧ್ವನಿಶಾಸ್ತ್ರ ಹುಟ್ಟಿದುದು ಆ ಮೆತ್ತೆಗಳಿಂದ. ಚಳ್ಳಕೆರೆಯ ತರುಣನಿಗೆ ಮೆತ್ತೆಯನ್ನು ಹುಡುಕುವ ಅಗತ್ಯವೇ ಬೀಳಲಿಲ್ಲ. ಮನೆಯಲ್ಲಿದ್ದ ಎರಡು ಕಂಬಳಿಗಳನ್ನು ಮಡಿಸಿ, ಗೋಡೆಯಿಂದ ಗೇಣುದ್ದ ಮುಂದೆ ತೂಗುಹಾಕಿದನು. ಉಣ್ಣೆಯ ದಟ್ಟ ಹೆಣಿಗೆ ಏರಿದ ನಾದಗಳನ್ನು ಹೀರಿಕೊಂಡಿತು. ತಗ್ಗಿದ ನಾದಗಳನ್ನು ತಡೆಯುವಷ್ಟು ಶಕ್ತಿ ಕಂಬಳಿಗಿಲ್ಲ. ಆದರೂ ಹಾಡಿನ ಮಾತುಗಳು ಬಿಡಿಬಿಡಿಯಾಗಿ ಕೇಳತೊಡಗಿದವು.

ಇಷ್ಟಾದರೂ ಅಜ್ಜಿಯ ದನಿ ಮೂಡಿಬರಲಿಲ್ಲ. ಅವನು ಮತ್ತೆ ಮೊಳಕಾಲ್ಮೂರಿಗೆ ಹೋಗಿ ಮಾವನ ಬಳಿ ತನ್ನ ಕಷ್ಟವನ್ನು ಹೇಳಿಕೊಂಡನು. ಮಾವನು ಮಗ್ಗದ ಮೇಲಿನ ಹಾಸನ್ನು ತೋರಿಸಿ, “ಹಾಸಿನಾಗೆ ಎಳೆ ತಪ್ಪಿದ್ರೆ ಆಮ್ಯಾಲೆ ಎಂಥಾ ಜರಿ ಹಾಕಿದ್ರೂ ಸೀರೆ ಸರಿಹೋಗಲ್ಲ ಕಣಪ್ಪಾ” ಎಂದನು. ತರುಣನಿಗೆ ಅರ್ಥವಾಯಿತು. ದೋಷವು ಮುದ್ರಣದಲ್ಲಿಯೇ ಇದ್ದಿತು. ಫೋನಿಗೂ ಅಜ್ಜಿಗೂ ನಾಲ್ಕು ಮಾರು ಅಂತರ. ನಡುವೆ ಮಗ್ಗದ ಸದ್ದು. ಫೋನು ಮಾತಿಗೆಂದು ಹೊಂದಿಸಿದ ಯಂತ್ರವಾದುದರಿಂದ ಮಗ್ಗದ ಸದ್ದನ್ನು ಅಡಗಿಸಲು ಹೋಗಿ ಹಾಡಿನ ನವುರಾದ ಭಾಗಗಳನ್ನೂ ಕತ್ತರಿಸಿಹಾಕಿತ್ತು. ಮೂಲದಲ್ಲಿ ಕಳೆದುಹೋದುದನ್ನು ಯಾವ ಆಂಪ್ಲಿಫೈಯರೂ ಮರಳಿ ತಾರದು. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಮಾತು ಆ ಸೀಮೆಯ ಮಕ್ಕಳಿಗೂ ಬಾಯಿಪಾಠ. ಧ್ವನಿಯಂತ್ರದ ವಿಷಯದಲ್ಲಿಯೂ ಅದು ದಿಟ: ಮುದ್ರಣದಲ್ಲಿ ಪಟ್ಟ ಶ್ರಮದಷ್ಟೇ ಫಲವನ್ನು ಅದು ನೀಡುತ್ತದೆ.

ದೊಡ್ಡ ಪೆಟ್ಟಿಗೆಗೆಂದು ಕೂಡಿಟ್ಟ ಹಣದಲ್ಲಿ ಸ್ವಲ್ಪ ಭಾಗವನ್ನು ತೆಗೆದು ತರುಣನು ಅಂಗೈಯಗಲದ ಧ್ವನಿಮುದ್ರಣ ಯಂತ್ರವೊಂದನ್ನು ಕೊಂಡನು. ಅದು ಸಿ.ಡಿ.ಯಂತೆಯೇ ಪ್ರತಿ ಸೆಕೆಂಡಿಗೆ 44,100 ಬಾರಿ ಧ್ವನಿಯನ್ನು ಅಳೆದು ಅಂಕಿಗಳಾಗಿ ಬರೆದುಕೊಳ್ಳುತ್ತದೆ. ಮಾವನು ಮಗ್ಗವನ್ನು ನಿಲ್ಲಿಸಿದ ಸಂಜೆಯ ವೇಳೆಯಲ್ಲಿ, ಹಾಸಿಗೆ ಬಟ್ಟೆಗಳಿದ್ದ ಒಳಕೋಣೆಯಲ್ಲಿ, ಅಜ್ಜಿಯ ಒಪ್ಪಿಗೆಯನ್ನು ಪಡೆದು ಅದನ್ನು ಅವಳ ಮುಂದೆ ಒಂದು ಮೊಳ ದೂರದಲ್ಲಿ ಇಟ್ಟನು. ಅಂತರವು ಅರ್ಧವಾದಂತೆಲ್ಲ ನೇರವಾಗಿ ಬರುವ ದನಿ 6 ಡೆಸಿಬೆಲ್‌ನಷ್ಟು ಹೆಚ್ಚುತ್ತದೆ. ಸುತ್ತಲಿನ ಸದ್ದು ಇದ್ದಷ್ಟೇ ಇರುತ್ತದೆ. ಅಜ್ಜಿ ನಡುನಡುವೆ ನಿಂತು ಉಸಿರು ತೆಗೆದುಕೊಂಡಳು. ಮರೆತ ಸಾಲನ್ನು ನೆನಪಿಸಿಕೊಂಡಳು. ಅವನು ಅದಾವುದನ್ನೂ ಅಳಿಸಲಿಲ್ಲ. ಹಾಡು ಮುಗಿದ ಮೇಲೆ ಅವಳಿಂದಲೇ ಅವಳ ಹೆಸರನ್ನೂ ಊರನ್ನೂ ಹೇಳಿಸಿದನು. ದಿನಾಂಕವನ್ನು ಪುಸ್ತಕದಲ್ಲಿ ಬರೆದಿಟ್ಟನು.

ಇಂಥ ಕೆಲಸ ಎಷ್ಟು ಬೆಲೆಯುಳ್ಳದ್ದೆಂಬುದಕ್ಕೆ ಚಳ್ಳಕೆರೆ ತಾಲ್ಲೂಕಿನಲ್ಲಿಯೇ ನಿಜವಾದ ನಿದರ್ಶನವಿದೆ. ಯಲಗಟ್ಟೆ ಗೊಲ್ಲರಹಟ್ಟಿಯಲ್ಲಿ ಬಾಳಿದ ಸಿರಿಯಜ್ಜಿ ಓದುಬರಹವನ್ನು ಕಲಿತವರಲ್ಲ. ಆದರೆ ಸಾವಿರಾರು ಜನಪದ ಹಾಡುಗಳು ಅವರ ನಾಲಗೆಯ ಮೇಲಿದ್ದವು. ವಿದ್ವಾಂಸರಾದ ಕೃಷ್ಣಮೂರ್ತಿ ಹನೂರು ಅವರು ಆ ಹಾಡುಗಳನ್ನು ಸಂಗ್ರಹಿಸಿ ‘ಸಾವಿರದ ಸಿರಿಬೆಳಗು’ ಎಂಬ ಗ್ರಂಥವಾಗಿ ಪ್ರಕಟಿಸಿದರು. ಹಟ್ಟಿಯ ಅಂಗಳಕ್ಕೆ ಹೋಗಿ ಕಿವಿಗೊಟ್ಟು ಕೇಳುವವರೊಬ್ಬರು ಇದ್ದುದರಿಂದ ಆ ಸಂಪತ್ತು ನಾಡಿಗೆ ದೊರೆಯಿತು. ಹಾಗೆ ಕೇಳುವವರು ಬಾರದ ಮನೆಗಳು ಎಷ್ಟೋ ಇವೆ. ಅಲ್ಲಿನ ಹಾಡುಗಳು ಹಾಡುವವರೊಡನೆಯೇ ಮಣ್ಣಾಗುತ್ತವೆ.

ತರುಣನು ಚಳ್ಳಕೆರೆಗೆ ಬಂದ ದಿನ ಸಂಜೆ ಊರಿನಲ್ಲಿ ವಿದ್ಯುತ್ತು ಇರಲಿಲ್ಲ. ರಾತ್ರಿ ದೀಪ ಬಂದ ಮೇಲೆ ಅವನು ತನ್ನ ಹಳೆಯ ಪೆಟ್ಟಿಗೆಗಳಲ್ಲಿ ಮಾತನಾಡುವಷ್ಟೇ ಮಟ್ಟದ ದನಿಯಲ್ಲಿ ಹೊಸ ಮುದ್ರಣವನ್ನು ನುಡಿಸಿದನು. ತಾಯಿ ಹಿತ್ತಿಲಿನಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಅವಳ ಕೈಯ ಸದ್ದು ನಿಂತಿತು. ಸೆರಗಿಗೆ ಕೈಯನ್ನು ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು, “ಅವ್ವ ಯಾವಾಗ ಬಂದ್ಲೋ?” ಎಂದು ಕೇಳಿದಳು. ಕೋಣೆಯಲ್ಲಿ ಮಗನೊಬ್ಬನೇ ಇದ್ದುದನ್ನು ಕಂಡು ಸುಮ್ಮನೆ ಹೊಸ್ತಿಲ ಮೇಲೆ ಕುಳಿತಳು. ಹಾಡು ಮುಗಿಯಿತು, ಅಜ್ಜಿ ತನ್ನ ಹೆಸರನ್ನು ಹೇಳಿದಳು, ಮೊಳಕಾಲ್ಮೂರು ಎಂದಳು. ತಾಯಿ, “ಇನ್ನೊಂದು ಸಲ ಹಾಕು” ಎಂದಳು.

ಮುಂದಿನ ವಾರವೂ ತರುಣನು ಮೊಳಕಾಲ್ಮೂರಿನ ಬಸ್ಸನ್ನು ಹತ್ತಿದನು. ದೊಡ್ಡ ಪೆಟ್ಟಿಗೆಯ ಆಸೆ ಅವನ ಮನಸ್ಸಿನಿಂದ ಪೂರ್ತಿ ಹೋಗಿರಲಿಲ್ಲ. ಆದರೆ ಅದು ಅಂಗಡಿಯಲ್ಲಿ ಇನ್ನೊಂದು ವರ್ಷ ಕಾಯಬಲ್ಲದು ಎಂಬುದು ಅವನಿಗೆ ತಿಳಿದಿತ್ತು. ಅಜ್ಜಿಗೆ ಇನ್ನೂ ಎಷ್ಟೋ ಹಾಡುಗಳು ನೆನಪಿನಲ್ಲಿದ್ದವು.